ಪ್ರಯಾಣದ ಚೀಲದಲ್ಲಿ ಮಲೇರಿಯಾ ಮಾತ್ರೆ: ವೈದ್ಯರು ಯಾರಿಗೆ, ಯಾವಾಗ, ಹೇಗೆ ಬರೆದುಕೊಡುತ್ತಾರೆ?

ಆಫ್ರಿಕಾದ ದೇಶಗಳಿಗೆ ಹೊರಟ ಕನ್ನಡಿಗರ ಕೈಯಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದುಬಿಟ್ಟಾರು ಎಂಬ ಭಯ. ಮಲೇರಿಯಾದ ಬಗ್ಗೆ ಮಾತ್ರ ಯಾವ ಕೌಂಟರಿನಲ್ಲೂ ಯಾರೂ ಕೇಳುವುದಿಲ್ಲ. ಕೇಳುವವರಿಲ್ಲದ್ದರಿಂದ ತಯಾರಿಯೂ ಇರುವುದಿಲ್ಲ. ತಾಂಜಾನಿಯಾದ ಕಾಡಂಚಿನ ಕ್ಯಾಂಪಿನಲ್ಲೋ ಕಾಂಗೋದ ಗಣಿ ಪ್ರದೇಶದಲ್ಲೋ ಇದ್ದಾಗ, ನಡುರಾತ್ರಿ ಚಳಿ ಹತ್ತಿ ಮೈ ನಡುಗತೊಡಗಿದರೆ, ಹತ್ತಿರದ ಆಸ್ಪತ್ರೆ ಒಂದು ಹಗಲಿನ ದಾರಿಯಾಚೆ ಇದ್ದರೆ ಏನು ಮಾಡಬೇಕು?

ಇಂಥ ಸಂದರ್ಭಕ್ಕೆಂದೇ ವೈದ್ಯರು ಹೊರಡುವ ಮೊದಲೇ ಬರೆದುಕೊಡುವ ಔಷಧಿಗೆ ‘ಸ್ಟ್ಯಾಂಡ್‌ಬೈ ಚಿಕಿತ್ಸೆ’ ಎನ್ನುತ್ತಾರೆ. ಮಲೇರಿಯಾ ಚಿಕಿತ್ಸೆಯ ಒಂದು ಪೂರ್ತಿ ಕೋರ್ಸ್ ಚೀಲದಲ್ಲಿರುತ್ತದೆ. ಜ್ವರ ಬಂದು, ವೈದ್ಯರನ್ನು ಸಕಾಲಕ್ಕೆ ತಲುಪುವುದು ಸಾಧ್ಯವೇ ಇಲ್ಲ ಎಂದಾಗ ಮಾತ್ರ ಪ್ರಯಾಣಿಕ ಅದನ್ನು ತಾನೇ ಶುರು ಮಾಡುತ್ತಾನೆ, ಆಮೇಲೆ ಆಸ್ಪತ್ರೆಯ ಕಡೆ ಹೊರಡುತ್ತಾನೆ. ಈ ಮಾತ್ರೆಯ ಕೆಲಸ ಆಸ್ಪತ್ರೆ ಸೇರುವವರೆಗೆ ಜೀವಕ್ಕೆ ಸಮಯ ಗಳಿಸಿಕೊಡುವುದು. ಇದನ್ನು ಸರಿಯಾಗಿ ತಿಳಿದುಕೊಂಡವರಿಗೆ ಮಾತ್ರೆ ನೆರವಾಗುತ್ತದೆ. ತಿಳಿಯದವರಲ್ಲಿ ಅದೇ ಮಾತ್ರೆ ಸುಳ್ಳು ಧೈರ್ಯ ತುಂಬುತ್ತದೆ.

ಗಂಟೆಗಳ ಲೆಕ್ಕ ಯಾಕೆ?

ಮಲೇರಿಯಾದಲ್ಲಿ ಹಲವು ಬಗೆಗಳಿವೆ. ನಮ್ಮ ಮಂಗಳೂರಿನವರಿಗೆ ಹೆಚ್ಚು ಪರಿಚಯವಿರುವುದು ವೈವಾಕ್ಸ್. ಅದು ಹೈರಾಣು ಮಾಡುತ್ತದೆ, ಆದರೆ ಜೀವ ತೆಗೆಯುವುದು ಕಡಿಮೆ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮೇಲುಗೈ ಫಾಲ್ಸಿಪ್ಯಾರಮ್‌ನದು. ಇದು ರಕ್ತದ ಕೆಂಪು ಕಣಗಳೊಳಗೆ ಸುಮಾರು 48 ಗಂಟೆಗೊಮ್ಮೆ ಹಲವು ಪಟ್ಟು ಹೆಚ್ಚುತ್ತದೆ. ಸೋಂಕಿದ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಮಿದುಳು, ಮೂತ್ರಪಿಂಡ, ಶ್ವಾಸಕೋಶಗಳಿಗೆ ರಕ್ತ ಹರಿಯದಂತೆ ಮಾಡುತ್ತವೆ. ನಿನ್ನೆ ಎದ್ದು ಓಡಾಡುತ್ತಿದ್ದವರು ನಾಳೆ ಪ್ರಜ್ಞೆ ತಪ್ಪಬಹುದು. ಜ್ವರ ಶುರುವಾದ 24 ಗಂಟೆಯೊಳಗೆ ವೈದ್ಯರನ್ನು ಕಾಣಬೇಕೆಂಬ ನಿಯಮದ ಹಿಂದಿರುವುದು ಇದೇ ವೇಗ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಮಲೇರಿಯಾ ಪ್ರಕರಣಗಳಾದವು, ಸುಮಾರು 5.97 ಲಕ್ಷ ಜನ ಸತ್ತರು. ಸಾವುಗಳಲ್ಲಿ ನೂರಕ್ಕೆ 95ರಷ್ಟು ಆಫ್ರಿಕಾ ವಲಯದ್ದೇ.

“ನಮಗೆ ಮಲೇರಿಯಾ ಹೊಸದಲ್ಲ, ಚಿಕ್ಕಂದಿನಲ್ಲೇ ಬಂದು ಹೋಗಿದೆ” ಎನ್ನುವವರಿದ್ದಾರೆ. ಈ ಧೈರ್ಯಕ್ಕೆ ಆಧಾರವಿಲ್ಲ. ಹಿಂದೆಂದೋ ಬಂದ ವೈವಾಕ್ಸ್ ಆಫ್ರಿಕಾದ ಫಾಲ್ಸಿಪ್ಯಾರಮ್‌ನಿಂದ ರಕ್ಷಿಸುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಪದೇಪದೇ ಸೋಂಕಿ ಬಂದ ಅರೆಬರೆ ಪ್ರತಿರೋಧ ಶಕ್ತಿಯೂ ಆ ನೆಲ ಬಿಟ್ಟು ವರ್ಷಗಳಾದರೆ ಕುಗ್ಗುತ್ತದೆ. ಲಸಿಕೆಯ ಆಸರೆಯೂ ಸದ್ಯಕ್ಕಿಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿದ್ದು ಮಲೇರಿಯಾ ಪ್ರದೇಶಗಳಲ್ಲಿ ಬೆಳೆಯುವ ಮಕ್ಕಳಿಗಾಗಿ, ಪ್ರಯಾಣಿಕರಿಗಾಗಿ ಅಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಮಲೇರಿಯಾದಿಂದ ಪಾರಾಗಲು ಪ್ರಯಾಣಿಕನಿಗಿರುವ ದಾರಿಗಳು ಮೂರು. ಮೊದಲನೆಯದು ಸೊಳ್ಳೆ ಕಚ್ಚದಂತೆ ನೋಡಿಕೊಳ್ಳುವುದು. ಎರಡನೆಯದು ಅಲ್ಲಿರುವಷ್ಟು ಕಾಲ ಮುಂಜಾಗ್ರತಾ ಮಾತ್ರೆ ತೆಗೆದುಕೊಳ್ಳುವುದು. ಸ್ಟ್ಯಾಂಡ್‌ಬೈ ಚಿಕಿತ್ಸೆ ಮೂರನೆಯದು. ಅಪಾಯ ಹೆಚ್ಚಿರುವ ಪ್ರದೇಶಕ್ಕೆ ಹೋಗುವಾಗ ಮೊದಲೆರಡನ್ನು ಬಿಟ್ಟು ಮೂರನೆಯದನ್ನೇ ನೆಚ್ಚಿಕೊಳ್ಳುವುದು ತಪ್ಪು. ನೈಜೀರಿಯಾ, ಕಾಂಗೋ, ಉಗಾಂಡ, ಮೊಜಾಂಬಿಕ್‌ಗಳಿಗೆ ಹೋಗುವವರಿಗೆ ವೈದ್ಯರು ಮುಂಜಾಗ್ರತಾ ಮಾತ್ರೆಯನ್ನೇ ಮೊದಲು ಬರೆಯುತ್ತಾರೆ. ಊರಿಂದ ದೂರದ ಜಾಗದಲ್ಲಿ ಇರಬೇಕಾದವರಿಗೆ ಅದರ ಜೊತೆಗೆ ಸ್ಟ್ಯಾಂಡ್‌ಬೈ ಕೋರ್ಸನ್ನೂ ಕೊಡುತ್ತಾರೆ. ಯಾವ ಮುಂಜಾಗ್ರತಾ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲವಲ್ಲ.

ಮಲೇರಿಯಾ ಇದ್ದೂ ಅಪಾಯ ತೀರಾ ಕಡಿಮೆಯಿರುವ ಕಡೆ ಲೆಕ್ಕ ಬೇರೆ. ಆಗ್ನೇಯ ಏಷ್ಯಾ ಮತ್ತು ದಕ್ಷಿಣ ಅಮೆರಿಕದ ಹಲವು ಭಾಗಗಳಲ್ಲಿ, ವಾರಗಟ್ಟಲೆ ಮಾತ್ರೆ ನುಂಗುವುದರ ಅಡ್ಡಪರಿಣಾಮವೇ ರೋಗದ ಸಂಭವಕ್ಕಿಂತ ಹೆಚ್ಚಾಗಬಹುದು. ಅಂಥ ಕಡೆಗೆ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳ ವೈದ್ಯರು ಸೊಳ್ಳೆಯಿಂದ ರಕ್ಷಣೆ ಮತ್ತು ಸ್ಟ್ಯಾಂಡ್‌ಬೈ ಮಾತ್ರೆ ಎಂಬ ಜೋಡಿಯನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಒಲವು ಇನ್ನೊಂದು ರೀತಿಯದು. ನಂಬಲರ್ಹ ಔಷಧಿಯ ಪೂರ್ತಿ ಕೋರ್ಸನ್ನು ಜೊತೆಯಲ್ಲಿ ಒಯ್ಯಿರಿ, ಆದರೆ ಅಲ್ಲಿನ ವೈದ್ಯರು ಪರೀಕ್ಷಿಸಿ ಮಲೇರಿಯಾ ಎಂದ ಮೇಲೆಯೇ ತೆಗೆದುಕೊಳ್ಳಿ ಎಂಬುದು ಅದರ ಸಲಹೆ. ನಕಲಿ ಔಷಧಿಯಿಂದ ತಪ್ಪಿಸಿಕೊಳ್ಳುವುದು ಅದರ ಉದ್ದೇಶ.

ನಗರದ ಹೋಟೆಲಿನಲ್ಲಿ ತಂಗಿ, ಗಂಟೆಯೊಳಗೆ ಒಳ್ಳೆಯ ಆಸ್ಪತ್ರೆ ಮುಟ್ಟಬಲ್ಲವರಿಗೆ ಸ್ಟ್ಯಾಂಡ್‌ಬೈ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಇಲ್ಲ. ಅಗತ್ಯ ಬೀಳುವುದು ಕಾಡು ಸುತ್ತುವವರಿಗೆ, ಸರ್ವೆ ಮತ್ತು ಗಣಿ ಕೆಲಸದವರಿಗೆ, ದೂರದ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಯುವವರಿಗೆ, ಊರಿಂದೂರಿಗೆ ತಿರುಗಿ ವ್ಯಾಪಾರ ಮಾಡುವವರಿಗೆ. ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಾದ ಹಲವು ದೇಶಗಳಿಗೆ ಹೋಗಿ ತಿಂಗಳುಗಟ್ಟಲೆ ಇರುವುದು 2023ರ ಸುಡಾನ್ ಯುದ್ಧದ ವೇಳೆ ಇಡೀ ನಾಡಿಗೆ ಗೊತ್ತಾಯಿತು. ಕಂಪನಿಯ ವಿಮೆ, ಕಂಪನಿಯ ಡಾಕ್ಟರು ಯಾವುದೂ ಇಲ್ಲದೆ ಹೋಗುವ ಇಂಥವರಿಗೇ ಈ ಮಾಹಿತಿ ಎಲ್ಲರಿಗಿಂತ ಮೊದಲು ಮುಟ್ಟಬೇಕು.

ಗರ್ಭಿಣಿಯರು ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ವೈದ್ಯರ ಮೊದಲ ಸಲಹೆ, ಸಾಧ್ಯವಾದರೆ ಅಂಥ ಜಾಗಕ್ಕೆ ಹೋಗುವುದನ್ನೇ ಮುಂದೂಡಿ ಎಂಬುದು.

ವೈದ್ಯರು ಏನೇನು ಕೇಳುತ್ತಾರೆ?

ಹೊರಡುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ವೈದ್ಯರನ್ನು ಕಂಡರೆ ಒಳ್ಳೆಯದು. ಹಳದಿ ಜ್ವರದ ಲಸಿಕೆಯನ್ನು ಹೇಗೂ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಅದಕ್ಕೆ ಹೋದಾಗಲೇ ಮಲೇರಿಯಾದ ಮಾತನ್ನೂ ಎತ್ತಬಹುದು. ಒಳ್ಳೆಯ ವೈದ್ಯರು ಚೀಟಿ ಬರೆಯುವ ಮುನ್ನ ಇಷ್ಟನ್ನಾದರೂ ಕೇಳುತ್ತಾರೆ:

• ಯಾವ ದೇಶ ಎಂಬುದಷ್ಟೇ ಸಾಲದು. ಯಾವ ಜಿಲ್ಲೆ, ಯಾವ ತಿಂಗಳು, ಎಷ್ಟು ದಿನ? ರಾತ್ರಿ ಮಲಗುವುದು ಎಲ್ಲಿ? ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ.

• ಅಲ್ಲಿಂದ ರಕ್ತ ಪರೀಕ್ಷೆ ಮಾಡುವ ಆಸ್ಪತ್ರೆಗೆ ಎಷ್ಟು ಗಂಟೆಯ ದಾರಿ? ಮಳೆಗಾಲದಲ್ಲಿ ಆ ರಸ್ತೆ ಇರುತ್ತದೆಯೇ?

• ದೇಹದ ತೂಕ ಎಷ್ಟು? ಮಲೇರಿಯಾ ಔಷಧಿಯ ಪ್ರಮಾಣ ನಿಂತಿರುವುದು ತೂಕದ ಮೇಲೆ.

• ಹೃದಯದ ಬಡಿತದಲ್ಲಿ ಏರುಪೇರು, ಮೂತ್ರಪಿಂಡದ ತೊಂದರೆ, ಮೂರ್ಛೆ ರೋಗ, ಖಿನ್ನತೆ ಇವೆಯೇ? ಗರ್ಭಿಣಿಯೇ, ಹಾಲೂಡಿಸುತ್ತಿದ್ದೀರಾ?

• ಈಗ ಯಾವ ಯಾವ ಮಾತ್ರೆ ನಡೆಯುತ್ತಿವೆ? ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮಲೇರಿಯಾ ಔಷಧಿಗಳ ಬಲವನ್ನೇ ಕುಗ್ಗಿಸುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್, ಹೃದಯ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು.

• ಜೊತೆಯಲ್ಲಿ ಯಾರಿದ್ದಾರೆ? ಜ್ವರದಲ್ಲಿ ಕನವರಿಸುವವನು ತನ್ನ ಡೋಸನ್ನು ತಾನೇ ಲೆಕ್ಕ ಹಾಕಲಾರ. ಹಾಗಾಗಿ ಜೊತೆಗಾರನಿಗೂ ಇದೆಲ್ಲ ಗೊತ್ತಿರಬೇಕು.

ಇದಾವುದನ್ನೂ ಕೇಳದೆ ಎರಡು ನಿಮಿಷದಲ್ಲಿ ಚೀಟಿ ಕೈಗಿಟ್ಟರೆ, ನೀವೇ ಈ ವಿವರಗಳನ್ನು ಹೇಳಿ. ಸಂಕೋಚಪಡುವ ವಿಷಯ ಇದಲ್ಲ.

ಯಾವ ಔಷಧಿ?

ಇಂದು ಸ್ಟ್ಯಾಂಡ್‌ಬೈ ಚಿಕಿತ್ಸೆಗೆ ಹೆಚ್ಚಾಗಿ ಆರಿಸುವುದು ಎರಡು ಜೋಡಿ ಔಷಧಿಗಳನ್ನು. ಒಂದು ಆರ್ಟಿಮೀಥರ್–ಲ್ಯುಮೆಫಾಂಟ್ರಿನ್, ಇನ್ನೊಂದು ಅಟೊವಾಕ್ವೋನ್–ಪ್ರೊಗ್ವಾನಿಲ್. ಆರ್ಟಿಮೀಥರ್ ಮೂಲತಃ ಆರ್ಟಿಮಿಸಿನಿನ್ ಎಂಬ ಸಸ್ಯಜನ್ಯ ವಸ್ತುವಿನ ಕುಲಕ್ಕೆ ಸೇರಿದ್ದು. ಚೀನಾದ ಪಾರಂಪರಿಕ ವೈದ್ಯದಲ್ಲಿ ಬಳಕೆಯಲ್ಲಿದ್ದ ಗಿಡವೊಂದರಿಂದ 1970ರ ದಶಕದಲ್ಲಿ ಅದನ್ನು ಬೇರ್ಪಡಿಸಿದ ತು ಯೂಯೂ ಅವರಿಗೆ 2015ರ ನೊಬೆಲ್ ಪ್ರಶಸ್ತಿ ಬಂತು. ಆರ್ಟಿಮೀಥರ್ ರಕ್ತದಲ್ಲಿರುವ ರೋಗಾಣುಗಳನ್ನು ಬಹಳ ಬೇಗ ಕೊಲ್ಲುತ್ತದೆ. ಉಳಿದವನ್ನು ನಿಧಾನವಾಗಿ ಮುಗಿಸುವುದು ಲ್ಯುಮೆಫಾಂಟ್ರಿನ್‌ನ ಪಾಲು.

ಆಯ್ಕೆಗೆ ಒಂದು ಮುಖ್ಯ ನಿಯಮವಿದೆ. ಮುಂಜಾಗ್ರತೆಗೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರೋ ಅದನ್ನೇ ಚಿಕಿತ್ಸೆಗೆ ಬಳಸಬಾರದು. ಮುಂಜಾಗ್ರತೆಗೆ ಅಟೊವಾಕ್ವೋನ್–ಪ್ರೊಗ್ವಾನಿಲ್ ನಡೆಯುತ್ತಿದ್ದೂ ಮಲೇರಿಯಾ ಬಂದರೆ, ಆ ರೋಗಾಣು ಅದಕ್ಕೆ ಬಗ್ಗದಿರುವ ಸಾಧ್ಯತೆಯೇ ಹೆಚ್ಚು. ಆಗ ಚೀಲದಲ್ಲಿ ಆರ್ಟಿಮೀಥರ್ ಜೋಡಿ ಇರಬೇಕು. ಕಾಂಬೋಡಿಯಾ, ಮ್ಯಾನ್ಮಾರ್ ಸುತ್ತಲಿನ ಮೆಕಾಂಗ್ ಪ್ರದೇಶದಲ್ಲಿ ಆರ್ಟಿಮಿಸಿನಿನ್‌ಗೆ ಜಗ್ಗದ ತಳಿಗಳು ಹರಡಿರುವುದರಿಂದ ಅಲ್ಲಿಗೆ ಹೋಗುವವರಿಗೆ ವೈದ್ಯರು ಇನ್ನಷ್ಟು ಯೋಚಿಸಿ ಬರೆಯುತ್ತಾರೆ.

ಮನೆಯ ಔಷಧಿ ಡಬ್ಬಿಯಲ್ಲಿ ಉಳಿದ ಕ್ಲೋರೋಕ್ವಿನ್ ಪಟ್ಟಿಯನ್ನು “ಇರಲಿ” ಎಂದು ಆಫ್ರಿಕಾಕ್ಕೆ ಒಯ್ಯುವುದರಿಂದ ಪ್ರಯೋಜನವಿಲ್ಲ. ಅಲ್ಲಿನ ಫಾಲ್ಸಿಪ್ಯಾರಮ್‌ಗೆ ಅದನ್ನು ನೆಚ್ಚುವಂತಿಲ್ಲ. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆಯೇ ಹೊರತು ರೋಗಾಣುವಿನ ಕೂದಲನ್ನೂ ಕೊಂಕಿಸುವುದಿಲ್ಲ.

ಚೀಟಿಯ ಜೊತೆ ಒಂದು ಹಾಳೆ

ಮಾತ್ರೆಯ ಹೆಸರು ಬರೆದ ಚೀಟಿಯಿಂದ ಔಷಧಿ ಅಂಗಡಿಯವರ ಕೆಲಸ ಮುಗಿಯಬಹುದು, ಪ್ರಯಾಣಿಕನ ಕೆಲಸ ಮುಗಿಯುವುದಿಲ್ಲ. ಜ್ವರದ ರಾತ್ರಿ ಓದಿಕೊಳ್ಳಲು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದ ಹಾಳೆಯೊಂದು ಮಾತ್ರೆಯ ಜೊತೆಗೇ ಇರಬೇಕು. ಅದರಲ್ಲಿ ಏನಿರಬೇಕೆಂಬುದನ್ನು ಆರ್ಟಿಮೀಥರ್–ಲ್ಯುಮೆಫಾಂಟ್ರಿನ್ ಉದಾಹರಣೆಯಲ್ಲೇ ನೋಡೋಣ.

ಮೊದಲು ಮಾತ್ರೆಯ ಶಕ್ತಿ. ಅಂತರರಾಷ್ಟ್ರೀಯ ಪುಸ್ತಕಗಳಲ್ಲಿ ಹೇಳುವ ಮಾತ್ರೆ 20 ಮಿ.ಗ್ರಾಂ ಆರ್ಟಿಮೀಥರ್, 120 ಮಿ.ಗ್ರಾಂ ಲ್ಯುಮೆಫಾಂಟ್ರಿನ್ ಇರುವುದು. 35 ಕಿಲೋ ಮೀರಿದವರಿಗೆ ಅದು ಒಂದು ಸಲಕ್ಕೆ ನಾಲ್ಕು, ಆರು ಸಲ, ಒಟ್ಟು 24 ಮಾತ್ರೆ. ನಮ್ಮ ಅಂಗಡಿಗಳಲ್ಲಿ 80 ಮತ್ತು 480 ಮಿ.ಗ್ರಾಂ ಇರುವ ದೊಡ್ಡ ಮಾತ್ರೆಯೂ ಸಿಗುತ್ತದೆ. ಅದು ಒಂದು ಸಲಕ್ಕೆ ಒಂದೇ, ಒಟ್ಟು ಆರು ಮಾತ್ರೆ. ಮೊಬೈಲಿನಲ್ಲಿ “ನಾಲ್ಕು ಮಾತ್ರೆ” ಎಂದು ಓದಿ ದೊಡ್ಡ ಮಾತ್ರೆ ನಾಲ್ಕು ನುಂಗಿದರೆ ಡೋಸ್ ನಾಲ್ಕು ಪಟ್ಟಾಗುತ್ತದೆ. ಸಣ್ಣ ಮಾತ್ರೆ ಒಂದೊಂದೇ ನುಂಗಿದರೆ ಕಾಲುಭಾಗ ಔಷಧಿಯಷ್ಟೇ ಹೊಟ್ಟೆಗೆ ಹೋಗಿ ರೋಗ ಬೆಳೆಯುತ್ತದೆ. ಅಂಗಡಿಯಲ್ಲಿ ಕೈಗೆ ಬಂದ ಪಟ್ಟಿಯ ಹಿಂಬದಿ ತಿರುಗಿಸಿ ಅಂಕಿ ಓದಿ, ಚೀಟಿಯೊಂದಿಗೆ ತಾಳೆ ನೋಡಿ.

ಎರಡನೆಯದು ಹೊತ್ತು. ಮೊದಲ ಡೋಸಿನ ಬಳಿಕ 8, 24, 36, 48, 60ನೇ ಗಂಟೆಗೆ ಉಳಿದ ಐದು ಡೋಸ್. ಸೋಮವಾರ ರಾತ್ರಿ 9ಕ್ಕೆ ಶುರು ಮಾಡಿದರೆ ಮುಂದಿನದು ಮಂಗಳವಾರ ಬೆಳಗಿನ ಜಾವ 5ಕ್ಕೆ. ಆಮೇಲೆ ಮಂಗಳವಾರ ರಾತ್ರಿ 9, ಬುಧವಾರ ಬೆಳಿಗ್ಗೆ 9, ರಾತ್ರಿ 9, ಗುರುವಾರ ಬೆಳಿಗ್ಗೆ 9. ತಪ್ಪಿಹೋಗುವುದು ಸಾಮಾನ್ಯವಾಗಿ ಆ ಬೆಳಗಿನ ಜಾವದ ಡೋಸು. ಅದಕ್ಕೆ ಅಲಾರಾಂ ಇಟ್ಟುಕೊಳ್ಳಲೇಬೇಕು.

ಮೂರನೆಯದು ಊಟ. ಜ್ವರ ಬಂದರೆ ನಮ್ಮಲ್ಲಿ ಗಂಜಿ ಕುಡಿಸಿ, ಎಣ್ಣೆ ತುಪ್ಪ ದೂರವಿಡುವ ಪಥ್ಯ. ಈ ಮಾತ್ರೆಗೆ ಆ ಪಥ್ಯ ಒಗ್ಗದು. ಲ್ಯುಮೆಫಾಂಟ್ರಿನ್ ರಕ್ತಕ್ಕೆ ಸೇರಲು ಕೊಬ್ಬಿನಂಶ ಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಬಹುಪಾಲು ವ್ಯರ್ಥ. ಕೆನೆ ತೆಗೆಯದ ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ, ಗಂಜಿಗೇ ಒಂದು ಚಮಚ ತುಪ್ಪ ಯಾವುದಾದರೂ ಆದೀತು. ಹಾಲಿನ ಪುಡಿಯ ಪೊಟ್ಟಣವನ್ನು ಮಾತ್ರೆಯ ಜೊತೆಗೇ ಇಟ್ಟುಕೊಳ್ಳುವುದು ಜಾಣತನ.

ನಾಲ್ಕನೆಯದು ವಾಂತಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಡೋಸನ್ನು ಪೂರ್ತಿ ಮತ್ತೆ ತೆಗೆದುಕೊಳ್ಳಬೇಕು. ಅರ್ಧದಿಂದ ಒಂದು ಗಂಟೆಯ ನಡುವೆ ಆದರೆ ಏನು ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಹೀಗೆ ಮತ್ತೆ ನುಂಗಬೇಕಾದರೆ ಕೋರ್ಸಿಗೆ ಮಾತ್ರೆ ಸಾಲದೆ ಬರುತ್ತದೆ. ಒಂದೆರಡು ಡೋಸ್ ಹೆಚ್ಚಿಗೆ ಬರೆದುಕೊಡಿ ಎಂದು ಕೇಳಿ.

ಅಟೊವಾಕ್ವೋನ್–ಪ್ರೊಗ್ವಾನಿಲ್‌ನ ಲೆಕ್ಕ ಸರಳ. 250 ಮತ್ತು 100 ಮಿ.ಗ್ರಾಂ ಇರುವ ಮಾತ್ರೆ 40 ಕಿಲೋ ಮೀರಿದವರಿಗೆ ದಿನಕ್ಕೊಮ್ಮೆ ನಾಲ್ಕು, ಮೂರು ದಿನ. ಇದನ್ನೂ ಊಟ ಅಥವಾ ಹಾಲಿನ ಜೊತೆಯೇ ತೆಗೆದುಕೊಳ್ಳಬೇಕು. ಚಿಕಿತ್ಸೆ ಮುಗಿದ ಮೇಲೆ ಮುಂಜಾಗ್ರತಾ ಮಾತ್ರೆಯನ್ನು ಎಂದಿನಿಂದ ಮತ್ತೆ ಶುರು ಮಾಡಬೇಕೆಂಬುದೂ ಹಾಳೆಯಲ್ಲಿರಲಿ.

ನುಂಗಬೇಕಾದ ಗಳಿಗೆ ಯಾವುದು?

ವೈದ್ಯರು ಅತಿ ಹೆಚ್ಚು ಹೊತ್ತು ವಿವರಿಸಬೇಕಾದದ್ದು ಇದನ್ನೇ. ಸೋಂಕಿದ ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಮೊದಲು ಲಿವರ್‌ನಲ್ಲಿ ಬೆಳೆಯುತ್ತದೆ. ರಕ್ತಕ್ಕಿಳಿದು ಜ್ವರ ತರಲು ಕಡಿಮೆಯೆಂದರೂ ಸುಮಾರು ಏಳು ದಿನ ಬೇಕು. ಆದ್ದರಿಂದ ಮಲೇರಿಯಾ ಪ್ರದೇಶಕ್ಕೆ ಕಾಲಿಟ್ಟ ಎರಡನೇ ದಿನವೋ ಮೂರನೇ ದಿನವೋ ಬಂದ ಜ್ವರ ಆ ಪ್ರಯಾಣದ ಮಲೇರಿಯಾ ಆಗಿರಲಾರದು. ಸ್ಟ್ಯಾಂಡ್‌ಬೈ ಮಾತ್ರೆಯನ್ನು ಅದಕ್ಕೆ ಖರ್ಚು ಮಾಡಬಾರದು.

ನುಂಗುವ ಮುನ್ನ ಮೂರು ಪ್ರಶ್ನೆಗಳಿಗೂ “ಹೌದು” ಎಂಬ ಉತ್ತರ ಬರಬೇಕು. ಒಂದು, ಥರ್ಮಾಮೀಟರಿನಲ್ಲಿ ಅಳೆದು ನೋಡಿದ ಜ್ವರ ಇದೆಯೇ? ಎರಡು, ಈ ಪ್ರದೇಶಕ್ಕೆ ಬಂದು ಏಳು ದಿನ ಕಳೆದಿದೆಯೇ? ಮೂರು, 24 ಗಂಟೆಯೊಳಗೆ ವೈದ್ಯರನ್ನು ಮುಟ್ಟುವುದು ನಿಜಕ್ಕೂ ಅಸಾಧ್ಯವೇ? ಮೂರನೆಯದಕ್ಕೆ “ಪ್ರಯತ್ನಿಸಿದರೆ ಮುಟ್ಟಬಹುದು” ಎಂಬ ಉತ್ತರ ಬಂದರೆ ಮೊದಲು ಹೊರಡಿ.

ಜ್ವರ ತಗ್ಗಲು ಪ್ಯಾರಾಸಿಟಮಾಲ್ ಸಾಕು. ಡೆಂಗಿಯ ಸಾಧ್ಯತೆಯೂ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಮಾತು ತಡವರಿಸುವುದು, ಗೊಂದಲ, ಫಿಟ್ಸ್, ಏದುಸಿರು, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಏನೂ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿ: ಇವುಗಳಲ್ಲಿ ಯಾವುದು ಕಂಡರೂ ಅದು ಉಲ್ಬಣಿಸಿದ ಮಲೇರಿಯಾ ಇರಬಹುದು. ಅದಕ್ಕೆ ಬೇಕಾದದ್ದು ಆರ್ಟಿಸುನೇಟ್ ಇಂಜೆಕ್ಷನ್. ಎಷ್ಟೇ ದುಡ್ಡು ಖರ್ಚಾದರೂ ವಾಹನ ಮಾಡಿಕೊಂಡು ಆಸ್ಪತ್ರೆಗೆ ಸಾಗಿಸಬೇಕು.

ಬೆರಳಿನ ಹನಿ ರಕ್ತದಲ್ಲೇ ಫಲಿತಾಂಶ ಹೇಳುವ ಕಿಟ್ ಒಯ್ಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರ ಕೈಯಲ್ಲಿ ಅದು ಒಳ್ಳೆಯ ಸಾಧನ. ಜ್ವರದಲ್ಲಿ ನಡುಗುವ ಕೈಗೆ ಅದನ್ನು ಸರಿಯಾಗಿ ಮಾಡುವುದು, ಓದುವುದು ಕಷ್ಟ. ಇಥಿಯೋಪಿಯಾ, ಎರಿಟ್ರಿಯಾ ಸುತ್ತಿನಲ್ಲಿ ಸಾಮಾನ್ಯ ಕಿಟ್‌ಗೆ ಸಿಗದಂಥ ಫಾಲ್ಸಿಪ್ಯಾರಮ್ ತಳಿಗಳೂ ಇವೆ. “ನೆಗೆಟಿವ್” ಬಂತೆಂದು ಹಾಸಿಗೆಯಲ್ಲೇ ಉಳಿಯುವುದು ಅಪಾಯ.

ಮಾತ್ರೆ ನುಂಗಿದ ಮೇಲೂ ಆಸ್ಪತ್ರೆಗೆ

ಎರಡನೇ ದಿನಕ್ಕೆ ಜ್ವರ ಇಳಿದರೂ ಕೋರ್ಸ್ ನಿಲ್ಲಿಸಬಾರದು, ಪ್ರಯಾಣದ ದಿಕ್ಕನ್ನೂ ಬದಲಿಸಬಾರದು. ಜ್ವರ ಟೈಫಾಯ್ಡ್‌ನದೋ ಡೆಂಗಿಯದೋ ಆಗಿದ್ದರೆ ಈ ಮಾತ್ರೆಯಿಂದ ಆ ರೋಗ ವಾಸಿಯಾಗುವುದಿಲ್ಲ. ಯಾವ ಮಾತ್ರೆ, ಯಾವ ಹೊತ್ತಿಗೆ ನುಂಗಿದಿರಿ ಎಂದು ಬರೆದಿಟ್ಟುಕೊಂಡು, ಖಾಲಿ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ.

ವೈವಾಕ್ಸ್ ಆಗಿದ್ದರೆ ಇನ್ನೊಂದು ಹಂತ ಉಳಿದಿರುತ್ತದೆ. ಅದು ಲಿವರ್‌ನಲ್ಲಿ ನಿದ್ರಿಸುತ್ತಿದ್ದು ತಿಂಗಳುಗಳ ನಂತರ ಮರುಕಳಿಸಬಲ್ಲದು. ಅದನ್ನು ಕಿತ್ತುಹಾಕಲು ಪ್ರೈಮಾಕ್ವಿನ್ ಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಈ ಔಷಧಿ ರಕ್ತಕಣಗಳನ್ನು ಒಡೆಯುವುದರಿಂದ ರಕ್ತ ಪರೀಕ್ಷೆ ಮಾಡಿದ ಮೇಲೆಯೇ ವೈದ್ಯರು ಕೊಡುತ್ತಾರೆ. ಪ್ರೈಮಾಕ್ವಿನ್ ಸ್ಟ್ಯಾಂಡ್‌ಬೈ ಚೀಲಕ್ಕೆ ಸೇರುವ ಮಾತ್ರೆಯಲ್ಲ.

ಎಲ್ಲಿ ಕೊಳ್ಳಬೇಕು, ಹೇಗೆ ಇಡಬೇಕು?

ಮಾತ್ರೆಯನ್ನು ಇಲ್ಲಿಂದಲೇ, ಬಿಲ್ ಕೊಡುವ ಅಂಗಡಿಯಿಂದ ಕೊಂಡೊಯ್ಯಿರಿ. ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಹಾಗೆ ವರದಿಯಾದವುಗಳಲ್ಲಿ ಮುಂಚೂಣಿಯಲ್ಲಿದ್ದದ್ದು ಮಲೇರಿಯಾ ಔಷಧಿ ಮತ್ತು ಆ್ಯಂಟಿಬಯೋಟಿಕ್‌ಗಳೇ. ಅವಧಿ ಮುಗಿಯುವ ತಾರೀಕು ನೋಡಿ. ಮಾತ್ರೆ ಮೂಲ ಪಟ್ಟಿಯಲ್ಲೇ ಇರಲಿ. ಚೀಟಿಯ ಪ್ರತಿಯೊಂದಿಗೆ ಕೈಚೀಲದಲ್ಲಿಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಜೀಪಿನಲ್ಲಿ ಬಿಡಬೇಡಿ, 30 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಅದಕ್ಕೆ ಆಗದು. ನಿಮಗೆಂದು ಬರೆದ ಕೋರ್ಸನ್ನು ಜ್ವರ ಬಂದ ಸಹೋದ್ಯೋಗಿಯೊಂದಿಗೆ ಹಂಚಿಕೊಂಡರೆ ಇಬ್ಬರಿಗೂ ಅರೆ ಚಿಕಿತ್ಸೆಯಾಗುತ್ತದೆ. ಇಬ್ಬರಿಗೆ ಎರಡು ಕೋರ್ಸ್ ಬೇಕು.

ಊರಿಗೆ ಮರಳಿದ ಮೇಲೆ

ಮುಂಜಾಗ್ರತಾ ಮಾತ್ರೆಯನ್ನು ವಿಮಾನ ಇಳಿದ ದಿನ ನಿಲ್ಲಿಸುವಂತಿಲ್ಲ. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಇನ್ನೂ ಏಳು ದಿನ, ಡಾಕ್ಸಿಸೈಕ್ಲಿನ್ ಅಥವಾ ಮೆಫ್ಲೊಕ್ವಿನ್ ಆದರೆ ನಾಲ್ಕು ವಾರ ಮುಂದುವರಿಸಬೇಕು. ಫಾಲ್ಸಿಪ್ಯಾರಮ್ ಜ್ವರ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ವೈವಾಕ್ಸ್‌ಗೆ ವರ್ಷವೂ ಹಿಡಿಯಬಹುದು.

ಅಷ್ಟರಲ್ಲಿ ಜ್ವರ ಬಂದರೆ ಚೀಲದಲ್ಲಿ ಉಳಿದ ಸ್ಟ್ಯಾಂಡ್‌ಬೈ ಮಾತ್ರೆಯನ್ನು ಮುಟ್ಟಬೇಡಿ. ಇಲ್ಲಿ ಆಸ್ಪತ್ರೆ ಹತ್ತಿರವಿದೆ, ಪರೀಕ್ಷೆ ಅದೇ ದಿನ ಆಗುತ್ತದೆ. ಮಳೆಗಾಲದ ಓಪಿಡಿಯಲ್ಲಿ ನೂರು ಜ್ವರಗಳ ನಡುವೆ ನಿಮ್ಮದೂ ಒಂದು ವೈರಲ್ ಎಂದು ದಾಖಲಾಗಿಬಿಡಬಹುದು. ಆದ್ದರಿಂದ ವೈದ್ಯರು ಕೇಳುವವರೆಗೆ ಕಾಯದೆ, ಕುಳಿತ ಕೂಡಲೇ ಹೇಳಿ: “ಡಾಕ್ಟ್ರೇ, ನಾನು ಇಂಥ ದೇಶದಿಂದ ಇಂಥ ತಾರೀಕಿಗೆ ಬಂದಿದ್ದೇನೆ, ಮಲೇರಿಯಾ ಟೆಸ್ಟ್ ಮಾಡಿಸಿ.” ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ 12ರಿಂದ 24 ಗಂಟೆಯ ಅಂತರದಲ್ಲಿ ಮತ್ತೆರಡು ಸಲ ರಕ್ತ ಪರೀಕ್ಷಿಸಬೇಕು. ಹೊರಡುವ ಮುನ್ನ ಒಮ್ಮೆ ವೈದ್ಯರನ್ನು ಕಾಣುವುದು, ಮರಳಿದ ಮೇಲೆ ಜ್ವರ ಬಂದರೆ ಈ ಒಂದು ವಾಕ್ಯ ಹೇಳುವುದು: ಮನೆಯವರನ್ನು ಬಿಟ್ಟು ದೂರ ದುಡಿಯಲು ಹೋಗುವ ಪ್ರತಿಯೊಬ್ಬರಿಗೂ ಇವೆರಡು ರೂಢಿಯಾಗಬೇಕು, ಕಳುಹಿಸಿಕೊಡುವ ಮನೆಯವರು ಇವೆರಡನ್ನೂ ನೆನಪಿಸಬೇಕು.